ದುರ್ಗದಲ್ಲಿ ಅಮ್ಮನಿಗೊಂದು ಸಸ್ಯಾಹಾರಿ ಊಟ

ಚಿತ್ರದುರ್ಗದ ಕೋಟೆಯ ಅತಿ ಪ್ರಸಿದ್ಧ ಕಥೆ ಶುರುವಾಗೋದೇ ಒಂದು ಊಟದಿಂದ. ಕಾವಲುಗಾರ ಮುದ್ದಹನುಮ ಮನೆಗೆ ಬಂದು ಊಟಕ್ಕೆ ಕೂತಿದ್ದಾನೆ. ಹೆಂಡತಿ ಓಬವ್ವ ನೀರು ತರೋಕೆ ಹೋಗಿದ್ದಾಳೆ. ಅಷ್ಟರಲ್ಲಿ ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದಾರೆ. ಉಣ್ಣುತ್ತಿರೋ ಗಂಡನನ್ನು ಎಬ್ಬಿಸೋದು ಬೇಡ ಅಂತ ಓಬವ್ವ ತಾನೇ ಒನಕೆ ಹಿಡಿದು ನಿಂತಳು.

ಆ ಕಿಂಡಿಯ ಮುಂದೆ ನಿಂತು ಗೈಡ್ ಇದನ್ನೆಲ್ಲ ಮೈಮರೆತು ಹೇಳುತ್ತಿದ್ದಾಗ, ಅಮ್ಮ ನನ್ನ ಕಿವಿಯಲ್ಲಿ ಕೇಳಿದ್ದು ಇಷ್ಟೇ: "ರಾತ್ರಿ ನಮ್ಮ ಊಟ ಎಲ್ಲಿ?"

ನಮ್ಮ ಮನೇಲಿ ಮೊಟ್ಟೆ ಕೂಡ ತಿನ್ನಲ್ಲ. ನನಗೆ ಅಷ್ಟು ಮಡಿ ಇಲ್ಲ, ತಟ್ಟೆಯಲ್ಲಿ ಮಾಂಸ ಇಲ್ಲದಿದ್ದರೆ ಸಾಕು. ಅಮ್ಮನದು ಹಾಗಲ್ಲ. ಮಾಂಸ ಬೇಯಿಸೋ ಅಡುಗೆಮನೆಯ ಊಟವೇ ಬೇಡ. ಹಾಗಾಗಿ ಎರಡು ದಿನದ ಟ್ರಿಪ್ಪಿಗೆ ಜಾಗ ನೋಡೋದಕ್ಕಿಂತ ಹೋಟೆಲ್ ನೋಡೋದೇ ನನ್ನ ಮುಖ್ಯ ಕೆಲಸ ಆಗಿತ್ತು.

ಬೆಳಗ್ಗೆ ತೊಂದರೆ ಇರಲಿಲ್ಲ. ಬೆಂಗಳೂರಿಂದ ಹೊರಟು ಹಿರಿಯೂರು ತಲುಪಿ, ಅಲ್ಲಿಂದ ವಾಣಿವಿಲಾಸ ಸಾಗರಕ್ಕೆ ಹೋದೆವು. ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಮಹಾರಾಜರ ಕಾಲದಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮ್. ಊರಿನವರ ಬಾಯಲ್ಲಿ ಇವತ್ತಿಗೂ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಅಂದ್ರೆ 89 ವರ್ಷ ಬಿಟ್ಟು. ದಡದ ಹತ್ತಿರ ಯಾರೋ ಮೀನು ಹುರಿಯುತ್ತಿದ್ದರು. ಅಮ್ಮ ಸೆರಗು ಮೂಗಿಗೆ ಹಿಡಿದುಕೊಂಡು ಗಾಳಿ ಬೀಸೋ ಇನ್ನೊಂದು ಕಡೆ ಹೋಗಿ, ಬುತ್ತಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿಪುಡಿ ಬಡಿಸಿದರು. ಮಧ್ಯಾಹ್ನದ ಊಟ ಅಲ್ಲಿಗೆ ಮುಗೀತು. ಬುತ್ತಿಯೂ ಮುಗೀತು.

ಭಾನುವಾರ ಸಂಜೆ

ದುರ್ಗದ ಬಗ್ಗೆ ತಪ್ಪು ತಿಳಿಯಬೇಡಿ. ದೋಸೆ, ಇಡ್ಲಿ, ಬಾಳೆ ಎಲೆ ಊಟದ ಹೋಟೆಲ್‌ಗಳು ಇಲ್ಲಿ ಬೇಕಾದಷ್ಟಿವೆ. ಸಂಜೆ ಆದ್ರೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ಇಡೀ ಊರೇ ನಿಂತಿರುತ್ತೆ. ಆದರೆ ಇದು ಮಾಂಸದೂಟವನ್ನು ಪ್ರೀತಿಸೋ ಊರು ಅನ್ನೋದೂ ನಿಜ. ಈ ಕೋಟೆ ಆಳಿದ ನಾಯಕರು ಬೇಡರು. ಸುತ್ತಲಿನದು ಮಳೆ ಕಡಿಮೆ ಇರೋ ಒಣಸೀಮೆ, ಕುರಿ ಸಾಕಣೆ ಇಲ್ಲಿಯ ಹಳೇ ಬದುಕು. 1779ರಲ್ಲಿ ಹೈದರಾಲಿ ಕೋಟೆ ಗೆದ್ದ ಮೇಲೆ ಊರಿನ ಅಡುಗೆಗೆ ಇನ್ನಷ್ಟು ಕೈಗಳು ಸೇರಿರಬೇಕು. ಭಾನುವಾರ ಬಂತೆಂದರೆ ಮಟನ್ ಅಂಗಡಿ ಮುಂದೆ ಸಾಲು, ಸಂಜೆಗೆ ಕಬಾಬ್ ಎಣ್ಣೆಯ ಘಮ.

ನಾವು ಹೋಗಿದ್ದು ಭಾನುವಾರವೇ. ಕೋಟೆಯಿಂದ ಇಳಿಯೋದು ತಡವಾಯ್ತು. ಅಮ್ಮನ ಮಂಡಿ ನೋಯುತ್ತಿತ್ತು. ಎಣ್ಣೆ ಕೊಳ, ತುಪ್ಪದ ಕೊಳ ನೋಡಿ ಬಂದಿದ್ದ ಅಮ್ಮ, "ತುಪ್ಪ ತುಂಬಿಡೋಕೇ ಕೊಳ ಕಟ್ಟಿದ ಊರಲ್ಲಿ ನಮಗೊಂದು ತುತ್ತಿಲ್ಲ ನೋಡು" ಅಂದ್ರು. ರೂಮಿಗೆ ಹೋಗಿ ಸ್ವಲ್ಪ ಮಲಗಿ ಎದ್ದು ಹೊರಗೆ ಬಂದಾಗ ಹತ್ತು ಗಂಟೆ. ಮ್ಯಾಪ್‌ನಲ್ಲಿ 'ಪ್ಯೂರ್ ವೆಜ್' ಅಂತ ಹುಡುಕಿ ಹೋದ ಎರಡು ಹೋಟೆಲ್‌ಗಳ ಶಟರ್ ಅರ್ಧ ಇಳಿದಿತ್ತು. ಒಳಗೆ ಹುಡುಗರು ಕುರ್ಚಿ ಎತ್ತಿ ಟೇಬಲ್ ಮೇಲೆ ಇಡುತ್ತಿದ್ದರು.

ಒಂದು ಬಿರಿಯಾನಿ ಅಂಗಡಿಯಲ್ಲಿ ಕೇಳಿದೆ. "ವೆಜ್ ಇಲ್ಲ ಸಾರ್, ಕುಷ್ಕ ಐತೆ, ಪೀಸ್ ಇರಲ್ಲ" ಅಂದ ಹುಡುಗ. ನನ್ನ ಹಾಗೆ ಹೊರಗೆ ತಿನ್ನೋ ಸಸ್ಯಾಹಾರಿಗಳು ಇದೊಂದನ್ನು ನೆನಪಿಟ್ಟುಕೊಳ್ಳಿ. ಕುಷ್ಕ ಅಂದ್ರೆ ಬಿರಿಯಾನಿಯ ಅನ್ನವೇ. ಬೆಂದಿರೋದು ಮಾಂಸದ ಜೊತೆ, ಬಡಿಸುವಾಗ ಮಾತ್ರ ತುಂಡು ಇರಲ್ಲ. ಪಕ್ಕದ ಎಗ್‌ರೈಸ್ ಗಾಡಿಯಲ್ಲಿ ಗೋಬಿ ಮಂಚೂರಿ ಇತ್ತು. ಆದರೆ ಗೋಬಿ ಕರಿಯೋ ಬಾಣಲೆಯಲ್ಲೇ ಕಬಾಬೂ ಈಜುತ್ತಿತ್ತು.

ಹತ್ತಿರದಲ್ಲೇ ಒಂದು ಸಣ್ಣ ಮೆಸ್. ನಾಲ್ಕು ಟೇಬಲ್. ಒಲೆ ಮುಂದೆ ಐವತ್ತು ದಾಟಿದ ಹೆಂಗಸು ಮುದ್ದೆ ಕಟ್ಟುತ್ತಿದ್ದರು. ನಾನು ಬಾಯಿ ಬಿಡೋ ಮೊದಲೇ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಯಾರ ಹೋಟ್ಲಮ್ಮ ಇದು?"

ಈ ಪ್ರಶ್ನೆ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಬಸ್ ನಿಂತ ಪ್ರತಿ ಊರಲ್ಲೂ ಅಮ್ಮ, ಅಜ್ಜಿ ಇದನ್ನೇ ಕೇಳ್ತಿದ್ರು. ಇದರ ಅರ್ಥ ಮಾಲೀಕರ ಹೆಸರೇನು ಅಂತಲ್ಲ. ಯಾವ ಜನ ಅಂತ. ಅದು ಕೇಳೋರಿಗೂ ಗೊತ್ತು, ಕೇಳಿಸಿಕೊಳ್ಳೋರಿಗೂ ಗೊತ್ತು.

ಆ ಹೆಂಗಸು ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಇಟ್ಟು, ತಲೆ ಎತ್ತಿ, "ನಂದೇ ಕಣಮ್ಮ" ಅಂದ್ರು.

ಅಷ್ಟೇ. ಕೋಪ ಇಲ್ಲ, ನಗುವೂ ಇಲ್ಲ. ಅಮ್ಮನಿಗೆ ಮುಂದಿನ ಮಾತು ಹೊಳೀಲಿಲ್ಲ. ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

ಆಮೇಲೆ ಅವರೇ ಹೇಳಿದರು: "ನೀವು ತಿನ್ನಲ್ಲ ಅಂತ ಕಾಣ್ತದೆ. ಸೊಪ್ಪಿನ ಸಾರು ಐತೆ, ಪಾತ್ರೆ ಬೇರೆ. ಆದ್ರೆ ಒಲೆ ಒಂದೇ, ಸೌಟು ಇವತ್ತು ಅದಕ್ಕೂ ಇದಕ್ಕೂ ಆಡೈತೆ. ಸುಳ್ಳು ಹೇಳಲ್ಲ. ಸೌಟು ತೊಳೆದು ಕೊಡ್ತೀನಿ, ಆಗ್ತದೆ ಅಂದ್ರೆ ಕುಂತ್ಕಳ್ರಿ. ನಾಳೆ ಬಂದಿದ್ರೆ ಸೋಮವಾರ, ನಾವೂ ಮುಟ್ಟಲ್ಲ."

ಇಷ್ಟು ಸ್ಪಷ್ಟವಾದ ಉತ್ತರ ನನಗೆ ಬೆಂಗಳೂರಿನ ಯಾವ ಹೋಟೆಲಲ್ಲೂ ಸಿಕ್ಕಿಲ್ಲ. ನಾನು ಕೂತು ಎರಡು ಮುದ್ದೆ ತಿಂದೆ. ಸೊಪ್ಪಿನ ಸಾರು, ಈರುಳ್ಳಿ, ಒಂದು ಹಸಿಮೆಣಸಿನಕಾಯಿ. ಅಮ್ಮ ಊಟ ಮಾಡಲಿಲ್ಲ. ಎದುರು ಅಂಗಡಿಯ ಬಾಳೆಹಣ್ಣು, ಒಂದು ಪ್ಯಾಕೆಟ್ ಮೊಸರು ತಂದುಕೊಟ್ಟೆ. ಹೆಂಗಸು ಒಂದು ಹೊಸ ಸ್ಟೀಲ್ ಲೋಟ ತೊಳೆದು ಅಮ್ಮನ ಮುಂದೆ ಇಟ್ಟರು. ಅಮ್ಮ ಮೊಸರನ್ನು ಆ ಲೋಟಕ್ಕೆ ಸುರಿದುಕೊಂಡು ಕುಡಿದರು. ಅದು ನನಗೆ ದೊಡ್ಡ ವಿಷಯವಾಗಿ ಕಂಡಿತು. ಏನೂ ಹೇಳಲಿಲ್ಲ.

ಫೋನಿನಲ್ಲೂ ಅದೇ ಪ್ರಶ್ನೆ

ರೂಮಿಗೆ ಬಂದ ಮೇಲೆ ಅಮ್ಮನ ಮೇಲೆ ಸಿಟ್ಟು ಬಂತು. ಮಲಗಿ ಫೋನ್ ನೋಡುವಾಗ ನನ್ನ ಮೇಲೆಯೇ ಬಂತು. ಊಟದ ಆ್ಯಪ್‌ನಲ್ಲಿ ನಾನು 'ಪ್ಯೂರ್ ವೆಜ್' ಒತ್ತುವಾಗ ಕೇಳ್ತಿರೋದು ಏನು? ಹಸಿರು ಚುಕ್ಕಿ ತಿಂಡಿಯಲ್ಲಿ ಏನಿದೆ ಅಂತ ಹೇಳುತ್ತೆ, ಅದು ನನಗೆ ಬೇಕಾದ ಮಾಹಿತಿ. ಆದರೆ ಆಫೀಸಿನಲ್ಲಿ ಟೀಮ್ ಲಂಚ್‌ಗೆ ಜಾಗ ಹುಡುಕುವಾಗ, ಮನೆ ಬಾಡಿಗೆಗೆ ಕೊಡುವಾಗ 'ಓನ್ಲಿ ವೆಜ್' ಅನ್ನೋ ಮಾತು ಎಷ್ಟು ಸಲ ಊಟದ ಬಗ್ಗೆ ಇರುತ್ತೆ, ಎಷ್ಟು ಸಲ ಜನರ ಬಗ್ಗೆ ಇರುತ್ತೆ?

ಇದೇ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅನ್ನೋದು ಅದರ ಸಾರ. ಮೊದಲ ಎರಡರಲ್ಲಿ ಅಮ್ಮ ಗೆದ್ದಿದ್ದರು. ಮೂರನೆಯದರಲ್ಲಿ ಗೆದ್ದವರು ಮೆಸ್ಸಿನ ಆ ಹೆಂಗಸು.

ಸೋಮವಾರ

ಬೆಳಗ್ಗೆ ಹೊಳಲ್ಕೆರೆ. ತಲೆ ಮೇಲೆ ಸೂರಿಲ್ಲದ ಬಯಲು ಗಣಪತಿಗೆ ಕೈ ಮುಗಿದು, ಬಸ್ ಸ್ಟ್ಯಾಂಡ್ ಹತ್ತಿರ ಬಿಸಿ ಇಡ್ಲಿ ತಿಂದೆವು. ಅಮ್ಮ ಮೂರು ತಿಂದು, ನಾಲ್ಕನೆಯದಕ್ಕೂ ಕೈ ಹಾಕಿದರು.

ಮಧ್ಯಾಹ್ನಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. 'ಶಿವಸಂಚಾರ' ನಾಟಕ ತಂಡದ ಊರು, ಬಯಲು ರಂಗಮಂದಿರ ನೋಡಬೇಕು ಅಂತ ನನಗೆ ಮೊದಲಿಂದ ಆಸೆ. ಊಟದ ಹೊತ್ತಾಗಿತ್ತು. ಮಠದ ದಾಸೋಹದಲ್ಲಿ ಕೂತೆವು. ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಅಮ್ಮನ ಒಂದು ಪಕ್ಕ ತೋಟದ ಕೆಲಸದಿಂದ ನೇರ ಬಂದ ಹಾಗಿದ್ದ ಒಬ್ಬ ಅಜ್ಜಿ, ಇನ್ನೊಂದು ಪಕ್ಕ ಯೂನಿಫಾರ್ಮ್ ಹಾಕಿದ ಶಾಲೆ ಹುಡುಗಿ. ಬಡಿಸೋ ಹುಡುಗ 'ಅನ್ನ, ಅನ್ನ' ಅಂತ ಕೂಗುತ್ತಾ ಬಂದ. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಕಾರಿಗೆ ಬಂದ ಮೇಲೆ ಅಮ್ಮ ಅಂದ್ರು, "ಇಲ್ಲಿ ನಮ್ಮನ್ನ ಯಾರು ಅಂತ ಕೇಳಿದ್ರೆ ನಂಗೆ ಊಟ ಸೇರ್ತಿರಲಿಲ್ಲ."

ನಾನು ಗೇರ್ ಹಾಕಿದೆ. ಹಿಂದಿನ ರಾತ್ರಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊದಲ ಸಲ ಈ ಕಡೆ ಬರೋ ಸಸ್ಯಾಹಾರಿಗಳಿಗೆ ನಾನು ಕಲಿತ ಪಾಠ ಹೇಳಿಬಿಡ್ತೀನಿ. ಭಾನುವಾರ ರಾತ್ರಿಯ ಊಟ ಬೇಗ ಮುಗಿಸಿ, ಒಂಬತ್ತರ ಮೇಲೆ ಮ್ಯಾಪ್ ನಂಬಬೇಡಿ. ಸೋಮವಾರಕ್ಕೆ ಪ್ಲ್ಯಾನ್ ಮಾಡಿದರೆ ಇನ್ನೂ ಸುಲಭ. 'ವೆಜ್ ಇದೆಯಾ' ಅಂತ ಕೇಳಿದರೆ ಕುಷ್ಕವೂ ಬರಬಹುದು. ಸೊಪ್ಪಿನ ಸಾರು, ಉಪ್ಪುಸಾರು, ಕಾಳಿನ ಸಾರು ಅಂತ ಹೆಸರು ಹಿಡಿದು ಕೇಳಿ. ಪಾತ್ರೆ, ಎಣ್ಣೆ, ಸೌಟು ಬೇರೆ ಇದೆಯಾ ಅಂತಲೂ ಕೇಳಿ. ಅದು ನಿಮ್ಮ ಹಕ್ಕು, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಒಂದು ಹೊತ್ತಿನ ಬುತ್ತಿ ಚೀಲದಲ್ಲಿರಲಿ.

ವಾಪಸ್ ಬರುವಾಗ ಹಿರಿಯೂರು ಮುಟ್ಟೋ ಹೊತ್ತಿಗೆ ಕತ್ತಲಾಗಿತ್ತು. ಹೆದ್ದಾರಿ ಪಕ್ಕದ ಒಂದು ಹೋಟೆಲ್ ಮುಂದೆ ಕಾರು ನಿಲ್ಲಿಸಿದೆ. ಅಮ್ಮ ನನಗಿಂತ ಮೊದಲು ಇಳಿದು ಬಾಗಿಲ ಹತ್ತಿರ ಹೋದರು. ಗಲ್ಲಾದಲ್ಲಿದ್ದವರನ್ನು ಏನೋ ಕೇಳೋಕೆ ಬಾಯಿ ತೆಗೆದು, ಒಂದು ಕ್ಷಣ ನಿಂತರು.

"ಏನೇನ್ ಅಡುಗೆ ಮಾಡ್ತೀರಪ್ಪ ಇಲ್ಲಿ?" ಅಂದ್ರು.