ನಾಲ್ಕು ಅಕ್ಷರದ ಊರು

2020ರ ಧನುರ್ಮಾಸ. ಕೊರೊನಾ ದೆಸೆಯಿಂದ ಬೆಂಗಳೂರಿನ ಆಫೀಸು ಮನೆಗೇ ಬಂದಿತ್ತು, ನಾನು ನಾಟ್ರಾಂಪಾಳ್ಯಕ್ಕೆ ಬಂದಿದ್ದೆ. ಗೊತ್ತಲ್ಲ, ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಹೋಗೋ ದಾರಿ. ಕತ್ತಲಾದರೆ ಆನೆ ಭಯ, ಸಿಗ್ನಲ್ ಬೇಕಾದರೆ ಮಾಳಿಗೆ ಹತ್ತಬೇಕು. ಹೀಗೇ ಬೆಂಕಿ ಹಾಕಿಕೊಂಡು ಸೊಗಡವರೆ ಬೇಯಿಸ್ತಾ ಕೂತಿದ್ದಾಗ ಅಕ್ಕನ ಮಗ ವಿಷಯ ತೆಗೆದ.

ಊರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಇಲ್ಲಿನ ಮಾತುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದನ್ನು ಇವನು ಟೈಪ್ ಮಾಡಿ, ಅಕ್ಷರ ಬಿಡಿಸಿ ಅಕಾರಾದಿಯಾಗಿ ಜೋಡಿಸೋಕೆ ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಬರೆದಿದ್ದ. ಲ್ಯಾಪ್‌ಟಾಪ್ ಕೊಳ್ಳೋ ಶಕ್ತಿಯಿಲ್ಲದೆ ತಂದಿದ್ದ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಮೇಲೆ ಚೆನ್ನಾಗೇ ಓಡ್ತಿತ್ತು. ಮೇಷ್ಟ್ರ ಮಗನ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ ಪಟ್ಟಿ ಖಾಲಿ. "ನಂದ್ರಲ್ಲಿ ಓಡ್ತೈತಲ್ಲ ಮಾಮ!" ಅಂದ. ಈ ಮಾತು ಕೇಳದ ಆಫೀಸು ಯಾವುದಿದೆ ಹೇಳಿ.

ಬೆಳಗ್ಗೆ ಮಾಳಿಗೆ ಹತ್ತಿದೆವು. ಇವನ ಕೋಡನ್ನು ಬೇರೆ ಯಂತ್ರಗಳಲ್ಲೂ ಹಾಕಿ ನೋಡಬೇಕಿತ್ತು. ಆ ಕೆಲಸ ತಾನೇ ಮಾಡಿಕೊಡೋ ಗಿಟ್‌ಹಬ್ ಆ್ಯಕ್ಷನ್ಸ್ ಎಲ್ಲರಿಗೂ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಕೋಡನ್ನು ಎಲ್ಲರಿಗೂ ತೆರೆದಿಟ್ಟರೆ ದುಡ್ಡಿಲ್ಲ. ಅಲ್ಲೀವರೆಗೆ ಬಹಳ ಜನ ನಂಬಿದ್ದ ಇಂಥದ್ದೇ ಸೇವೆ ಟ್ರಾವಿಸ್ ಸಿಐ ಆಗಷ್ಟೇ ಉಚಿತಕ್ಕೆ ಮಿತಿ ಹಾಕಿತ್ತು. ಹಾಗಾಗಿ ಒಂದು ಪುಟ್ಟ ಯಾಮಲ್ ಕಡತ ಬರೆದೆವು: ಕೋಡ್ ಕಳಿಸಿದಾಗೆಲ್ಲ ಲಿನಕ್ಸ್ ಒಂದರಲ್ಲಿ, ವಿಂಡೋಸ್ ಒಂದರಲ್ಲಿ ಮೊದಲಿಂದ ಕಂಪೈಲ್ ಮಾಡು ಅಂತ. ನಮ್ಮ ಸಿಗ್ನಲ್ಲಿಗೆ ಇದೇ ಸರಿ. ಇಲ್ಲಿಂದ ಹೋಗೋದು ಕೆಲವೇ ಕೆ.ಬಿ., ಭಾರದ ಕೆಲಸವೆಲ್ಲ ಆಚೆ ಕಡೆ.

ಮೇಷ್ಟ್ರೂ ಬಂದಿದ್ದರು. "ಆ ಕಂಪ್ಯೂಟರು ಯಾವೂರಲ್ಲೈತೆ?"

"ಯಾವೂರೋ ಮೇಷ್ಟ್ರೇ. ಪ್ರತಿ ಸಲ ಹೊಸದು ಎಬ್ಬಿಸ್ತಾರೆ, ಕೆಲಸ ಮುಗಿದ ಮೇಲೆ ಅಳಿಸಿಬಿಡ್ತಾರೆ."

"ಅಯ್ಯೋ ಪಾಪ" ಅಂದರು.

ಎರಡೂ ಹಸಿರು ಬಂತು! ಹುಡುಗ ಕುಣಿದ. ಆದರೆ ಕಂಪೈಲ್ ಆಗೋದೇ ಬೇರೆ, ಸರಿಯಾಗಿರೋದೇ ಬೇರೆ. ಕಂಪೈಲ್ ಆದ ಮೇಲೆ ಓಡಬೇಕಾದ ಟೆಸ್ಟು ಒಂದನ್ನೂ ಇವನು ಬರೆದಿರಲಿಲ್ಲ. ಊರ ಹೆಸರನ್ನೇ ಕೊಡು ಅಂದೆ. ನಾಟ್ರಾಂಪಾಳ್ಯ: ಯುಟಿಎಫ್-8ರಲ್ಲಿ 36 ಬೈಟು, ಯೂನಿಕೋಡ್ ಸಂಕೇತ 12, ಬಾಯಲ್ಲಿ ಹೇಳಿದರೆ ನಾ, ಟ್ರಾಂ, ಪಾ, ಳ್ಯ, ನಾಲ್ಕು ಅಕ್ಷರ. ಮತ್ತೆ ಕಳಿಸಿದೆವು. ಎರಡೂ ಕೆಂಪು. ನಾಲ್ಕು ಬರಬೇಕಾದ ಕಡೆ ಸೊನ್ನೆ.

ಗುಟ್ಟು ಇಷ್ಟೇ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟು 224. ಅದನ್ನು 'ಚಾರ್' ಎಂಬ ಪೆಟ್ಟಿಗೆಯಲ್ಲಿಟ್ಟು, 224 ಇದ್ದರೆ ಕನ್ನಡ ಅಂತ ಇವನು ಬರೆದಿದ್ದ. ಚಾರ್‌ಗೆ ಋಣಸಂಖ್ಯೆ ಇರಬೇಕೋ ಬೇಡವೋ ಅನ್ನೋದನ್ನು ಭಾಷೆಯ ನಿಯಮ ಕಂಪೈಲರಿಗೇ ಬಿಟ್ಟಿದೆ. ಪೈನ ಆರ್ಮ್ ಚಿಪ್ಪಿನ ಲಿನಕ್ಸಿನಲ್ಲಿ ಅದು 224 ಆಗೇ ಉಳಿಯುತ್ತೆ. ಇಂಟೆಲ್ ಜಾತಿಯ ಯಂತ್ರದಲ್ಲಿ ಮೈನಸ್ 32. ಅಲ್ಲಿಗೆ ಕನ್ನಡ ಅನ್ನೋದೇ ಇಲ್ಲ! 'ಅನ್‌ಸೈನ್ಡ್' ಅಂತ ಒಂದು ಪದ ಸೇರಿಸಿದ ಮೇಲೆ ನಾಲ್ಕು ಬಂತು. ಎಚ್ಚರಿಕೆಗಳನ್ನೆಲ್ಲ ತಪ್ಪು ಅಂತಲೇ ಎಣಿಸೋ ಹಾಗೆ ಕಂಪೈಲರಿಗೆ ಕಟ್ಟಪ್ಪಣೆಯನ್ನೂ ಮಾಡಿದೆ. ಹುಡುಗ ಗೊಣಗಿದ, ಗೊಣಗಲಿ.

ಆಮೇಲೆ ಅವನಿಗೆ ಹುಚ್ಚೇ ಹಿಡೀತು. ಸುತ್ತಲ ಊರುಗಳನ್ನೆಲ್ಲ ಟೆಸ್ಟಿಗೆ ಹಾಕಿದ. ಅಂಚೆಟ್ಟಿಗೆ ಮೂರು, ಸರಿ. 'ಹೊಗೇನಕಲ್' ಅಂತ ಬರೆದಾಗ ಪ್ರೋಗ್ರಾಂ ಐದು ಅಂದಿತು. ಮೇಷ್ಟ್ರು ಒಪ್ಪಲಿಲ್ಲ. "ವ್ಯಂಜನ ಒಂಟಿಯಾಗಿ ನಿಲ್ಲಲ್ಲ ಕಣಪ್ಪ. ಕಲ್ ಅನ್ನೋದು ಒಂದೇ, ಗುರು. ನಾಲ್ಕು ಬರಿ."

ನಾಲ್ಕು ಅಂತಲೇ ಬರೆದ. ಮತ್ತೆ ಕೆಂಪು. ಕೊನೆಯ ವ್ಯಂಜನವನ್ನು ಹಿಂದಿನ ಅಕ್ಷರಕ್ಕೆ ಸೇರಿಸೋ ಸಾಲುಗಳನ್ನು ಬರೆಯುವಷ್ಟರಲ್ಲಿ ಸಂಕ್ರಾಂತಿ ಬಂತು. ಹಸಿರಾಯಿತು ಅಂತ ಓಡಿಹೋಗಿ ಹೇಳಿದರೆ, ಮೇಷ್ಟ್ರು ಚೀಟಿಯಲ್ಲಿ ಇನ್ನೆರಡು ಪದ ಬರೆದುಕೊಟ್ಟರು: ಸೂರ್ಯ, ರ‍್ಯಾಲಿ.