ಸಿಕ್ಕು

ನಮ್ಮ ಸೀಮೆಯ ಗಾಳಿ, ನೀರು ಎರಡೂ ಕೂದಲಿಗೆ ಆಗಿಬರುವುದಿಲ್ಲ. ಸಿಂಧನೂರು, ಮಸ್ಕಿ ಕಡೆ ಶಿವರಾತ್ರಿ ದಾಟಿತೆಂದರೆ ಬಿಸಿಲು 40 ಡಿಗ್ರಿಯತ್ತ ಹೊರಡುತ್ತದೆ. ಎರೆಹೊಲದ ದೂಳು ನೆತ್ತಿಗೆ ಕೂರುತ್ತದೆ. ಬೋರಿನ ಸವಳು ನೀರಿನಲ್ಲಿ ಸೋಪು ನೊರೆ ಬಿಡದೆ ಬಿಳಿ ಜಿಡ್ಡಾಗಿ ಕೂದಲಿಗೇ ಅಂಟುತ್ತದೆ. ಇವೆಲ್ಲದರ ಮೇಲೆ ಹುಟ್ಟಿನಿಂದಲೇ ಬಂದ ಗುಂಗುರು ಕೂದಲು ನನ್ನದು. ವಳಕಮದಿನ್ನಿಯಲ್ಲಿ ನಾನು ಶಾಲೆಗೆ ಹೊರಟರೆ ಎರಡು ಜಡೆಗಳ ಹೊರಗೂ ಇನ್ನೊಂದು ತಲೆಯಷ್ಟು ಕೂದಲು ಎದ್ದು ನಿಂತಿರುತ್ತಿತ್ತು.

ಅದನ್ನು ಹಿಡಿತಕ್ಕೆ ತರಲು ಗೊತ್ತಿದ್ದದ್ದು ಅವ್ವನಿಗೆ ಮಾತ್ರ. "ಬಾ ಯವ್ವ, ತಲಿ ನೋಡು ಹೆಂಗ ಆಗ್ಯಾದ" ಎಂದು ಕಟ್ಟೆಯ ಮೇಲೆ ಕೂತು, ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಳ್ಳುತ್ತಿದ್ದಳು. ಮೊದಲು ಎಣ್ಣೆ, ಆಮೇಲೆ ಬೆರಳು, ಕೊನೆಗೆ ಹಣಿಗಿ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಯಲ್ಲಿ ಕೊಂಡ, ಹಲ್ಲು ಬಿಡುವಾಗಿದ್ದ ಕಟ್ಟಿಗೆ ಹಣಿಗಿ ಅದು. ನೆತ್ತಿಯಿಂದ ಎಂದೂ ಎಳೆಯುತ್ತಿರಲಿಲ್ಲ. ತುದಿಯ ನಾಲ್ಕು ಬೆರಳು ಬಿಡಿಸಿ, ಅದರ ಮೇಲಿನ ನಾಲ್ಕು ಬೆರಳು, ಹೀಗೆ ಮೇಲೇರುತ್ತಿದ್ದಳು. ಗಂಟು ಸಿಕ್ಕಲ್ಲಿ ಅದರ ಮೇಲ್ಭಾಗವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯುವಳು, ನೋವು ಬುಡಕ್ಕೆ ತಟ್ಟದಿರಲಿ ಎಂದು. ಶುಕ್ರವಾರ ಸೀಗೆಪುಡಿಗೆ ಅರೆದ ಮೆಂತ್ಯ ಬೆರೆಸಿ ಎರೆಯುವಳು. ಆ ದಿನಕ್ಕೆ ಮಾತ್ರ ಬೋರಿನ ನೀರು ಬೇಡ, ಸಿಹಿನೀರೇ ಆಗಬೇಕು. ಎರಡು ಕೊಡ ಹೊತ್ತು ತರುತ್ತಿದ್ದಳು, ನನ್ನ ತಲೆಗಾಗಿ.

ಅವಳು ಮಾಡಿದ್ದೆಲ್ಲ ಸರಿಯಾಗಿತ್ತೆಂದು ಬಹಳ ವರ್ಷಗಳ ನಂತರ ಓದಿ ತಿಳಿದೆ. ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ. ಒಣಗಿದ ಕೂದಲು ಗಾಳಿಯ ತೇವ ಹೀರಿ ಉಬ್ಬುತ್ತದೆ, ಹೊರಪದರದ ಸಣ್ಣ ಚಿಪ್ಪುಗಳು ಎದ್ದು ಒಂದಕ್ಕೊಂದು ತೊಡರುತ್ತವೆ. ಸೋಪಿನ ಕ್ಷಾರ ಆ ಚಿಪ್ಪುಗಳನ್ನು ಇನ್ನಷ್ಟು ಎಬ್ಬಿಸುತ್ತದೆ, ತುಸು ಹುಳಿ ಗುಣದ ಸೀಗೆ ಹಾಗೆ ಮಾಡುವುದಿಲ್ಲ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಕೂದಲಿನ ಪ್ರೋಟೀನು ತೊಳೆದುಹೋಗದಂತೆ ತಡೆದದ್ದು ಅವುಗಳಲ್ಲಿ ಕೊಬ್ಬರಿ ಎಣ್ಣೆ ಒಂದೇ. ಅವ್ವ ಎರೆಯುವ ಹಿಂದಿನ ರಾತ್ರಿಯೇ ಅದನ್ನು ಹಚ್ಚಿಬಿಡುತ್ತಿದ್ದಳು.

ಆದರೆ ಅಷ್ಟೊಂದು ಹಟ ಯಾಕೆ? ಸುಗ್ಗಿ ಇರಲಿ, ನಾಟಿ ಇರಲಿ, ಮೈಯಲ್ಲಿ ಜ್ವರ ಇರಲಿ, ನನ್ನ ತಲೆಯಲ್ಲಿ ಗಂಟು ಉಳಿಸಿ ಅವಳು ಮಲಗಿದ್ದಿಲ್ಲ. ಕಾರಣ ನಮ್ಮ ದೊಡ್ಡವ್ವ.

ದೊಡ್ಡವ್ವ ಹುಡುಗಿಯಾಗಿದ್ದಾಗ ವಿಷಮಶೀತ ಜ್ವರದಲ್ಲಿ ಮಲಗಿದ್ದಳಂತೆ. ತಲೆ ಮುಟ್ಟುವವರಿರಲಿಲ್ಲ. ಏಳುವ ಹೊತ್ತಿಗೆ ಹಿಂದಲೆಯಲ್ಲಿ ಕೂದಲು ಹೆಣೆದುಕೊಂಡಿತ್ತು. ಎಣ್ಣೆ ಹಚ್ಚಿ ತಾಳ್ಮೆಯಿಂದ ಕೂತರೆ ಬಿಡುತ್ತಿತ್ತು, ಇಲ್ಲವೇ ಕತ್ತರಿಸಿದರೆ ಮುಗಿಯುತ್ತಿತ್ತು. ಹಿರಿಯರು ಅದನ್ನು ಎಲ್ಲಮ್ಮನ ಜಡೆ ಎಂದರು, ಭಂಡಾರ ಹಚ್ಚಿದರು. ಅಮ್ಮನ ಜಡೆಗೆ ಹಣಿಗಿ ತಾಕಿಸುವುದು ಪಾಪ, ಕತ್ತರಿ ಹಾಕಿದರೆ ಮನೆತನಕ್ಕೇ ಕೇಡು. ಕೊನೆಗೆ ಮುತ್ತು ಕಟ್ಟಿದರು. ರಾಯಚೂರು, ಕೊಪ್ಪಳ, ಬಳ್ಳಾರಿ, ಬೆಳಗಾವಿ ಕಡೆಯ ಎಷ್ಟೋ ಬಡ ಹೆಣ್ಣುಮಕ್ಕಳ ಬಾಳು ಹೀಗೆ ಒಂದು ಸಿಕ್ಕಿನಿಂದ ಶುರುವಾಗಿ ದೇವದಾಸಿ ಪದ್ಧತಿಯಲ್ಲಿ ಮುಗಿದಿದೆ. ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ತಂದದ್ದು 1982ರಲ್ಲಿ. ದೊಡ್ಡವ್ವನ ಪಾಲಿಗೆ ಅದು ತೀರಾ ತಡ.

ಇದನ್ನು ಅವ್ವ ಹೇಳಿದ್ದು ನನ್ನ ಮದುವೆಯಾದ ಮೇಲೆ. "ಅಕ್ಕನ ತಲಿ ಮುಟ್ಟಾಕ ನನಗ ಬಿಡಲಿಲ್ಲ" ಎಂದಳು, ಅಷ್ಟೇ. ನನಗೆ ಆಗ ಅರ್ಥವಾಯಿತು. ಕಟ್ಟೆಯ ಮೇಲೆ ಅವಳು ಬಿಡಿಸುತ್ತಿದ್ದದ್ದು ನನ್ನೊಬ್ಬಳ ಕೂದಲನ್ನಲ್ಲ.

ದೊಡ್ಡವ್ವ ಮೊದಲು ಹೋದಳು, ಆಮೇಲೆ ಅವ್ವ. ಈಗ ನನ್ನ ಬಚ್ಚಲಿನಲ್ಲಿ ಕಂಡಿಷನರ್, ಸೀರಮ್, ಹಲ್ಲು ಅಗಲದ ಪ್ಲಾಸ್ಟಿಕ್ ಬಾಚಣಿಗೆ ಇವೆ. ಕೂದಲು ಮಾತು ಕೇಳುತ್ತದೆ, ಅದನ್ನು ಇಲ್ಲವೆನ್ನಲಾರೆ. ಮುಂಜಾನೆಯ ಒಂದು ತಾಸನ್ನು ನನಗಾಗಿ ಎತ್ತಿಡುವವಳು ಮಾತ್ರ ಇಲ್ಲ. ಆ ಒಂದು ತಾಸಿನಲ್ಲಿ ಹೊಲದ ಸುದ್ದಿ, ಸೋದರಮಾವನ ಸಾಲ, ನನ್ನ ಪರೀಕ್ಷೆ, ಎಲ್ಲ ಮಾತು ಮುಗಿಯುತ್ತಿತ್ತು. ಮುಖ ನೋಡದೆ ಬೆನ್ನಿಗೆ ಕೂತ ಅವ್ವನಿಗೆ ಏನನ್ನಾದರೂ ಹೇಳಬಹುದಿತ್ತು. ಹಾಗೆ ಕೇಳುವವಳು ನನಗೆ ಮತ್ತೆ ಸಿಗಲಿಲ್ಲ.

ಹಣಿಗಿಗೆ ಬಂದ ಕೂದಲನ್ನು ಅವ್ವ ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು. ಕೂದಲು ಕೊಳ್ಳುವವ ಓಣಿಗೆ ಬಂದರೆ ಅದನ್ನು ಕೊಟ್ಟು ನನಗೆ ಪಿನ್ನು, ರಿಬ್ಬನ್ನು ಕೊಳ್ಳುತ್ತಿದ್ದಳು. ಹಾಗೆ ಸಂಗ್ರಹವಾದ ಕೂದಲು ಮೂಟೆಗಟ್ಟಲೆ ಬಂದು ಸೇರುವುದು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ. ಅಲ್ಲಿ ಹೆಂಗಸರು ಆ ಉಂಡೆಗಳ ಸಿಕ್ಕನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ತೊಳೆದು, ಉದ್ದ ನೋಡಿ ವಿಂಗಡಿಸಿದ ಮೇಲೆ ಅದು ವಿಗ್ಗಿಗಾಗಿ ಹೊರದೇಶಕ್ಕೆ ಹೋಗುತ್ತದೆ. ಅವ್ವನ ಕೂದಲು, ನನ್ನದು, ಎರಡೂ ಒಂದೇ ಉಂಡೆಯಲ್ಲಿ ಆ ದಾರಿ ಹಿಡಿದಿರಬೇಕು. ಕೂಲಿಗೆ ಕೂತ ಆ ಹೆಂಗಸರಲ್ಲಿ ಯಾರೋ ಒಬ್ಬಳು ನಮ್ಮಿಬ್ಬರ ಎಳೆಗಳನ್ನು ಬೇರೆ ಮಾಡಿರಬೇಕು. ಆ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದು ನನಗೆ ಗೊತ್ತು. ಅವಳಿಗೆ ಕೈತುಂಬ ಕೂಲಿ ಸಿಕ್ಕಿರಲಿ.