ಕಾಣದೆ ಕೊಂಡ ಕಾರು

ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ದೆಹಲಿಯಲ್ಲಿ ಓಡಕೂಡದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ವಿಧಿಸಿತಷ್ಟೆ. ಆಮೇಲೆ ಅಲ್ಲಿನ ಸಿರಿವಂತರ ಕಾರುಗಳು ಅಗ್ಗವಾಗಿ ಬೆಂಗಳೂರಿನವರೆಗೂ ಹರಿದು ಬಂದವು. ಹತ್ತು ತುಂಬಲಿದ್ದ ಬೆಂಜ್ ಒಂದರ ಮೂವತ್ತು ಚಿತ್ರಗಳನ್ನು ನೋಡಿ, ನಿವೃತ್ತಿಯ ಹಣದಲ್ಲಿ ಕಾಲು ಭಾಗವನ್ನು ನಾನೂ ಕಳುಹಿಸಿಬಿಟ್ಟೆ.

"ಸೀರೇನೂ ಸೆರಗು ಬಿಚ್ಚಿಸಿ ನೋಡಿ ತಗೋತೀವಿ, ಅಂದ್ರೆ," ಎಂದಳು ನನ್ನಾಕೆ. ನಾನು ನಕ್ಕೆ.

ಎರಡು ಸಾವಿರ ಕಿಲೋಮೀಟರು ದಾಟಿ ಕಾರು ಲಾರಿಯಿಂದಿಳಿದಾಗ ಬೀದಿಯೇ ನೆರೆಯಿತು. ಮೈಯೆಲ್ಲ ಕನ್ನಡಿ! ಮೆಕ್ಯಾನಿಕ್ ಮಾತ್ರ ಇಂಜಿನ್ನಿನ ಕಡೆ ನೋಡದೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಒಳಗೆ ಸುತ್ತಿಕೊಂಡಿದ್ದ ಎರಡು ಗೇಣಿನಲ್ಲಿ ಕೆಸರಿನ ಕಲೆ.

"ನೀರಲ್ಲಿ ಮುಳುಗಿದ ಗಾಡಿ, ಸಾರ್," ಎಂದ ಮೆಲ್ಲಗೆ. "ಸೀಟು ತೊಳೀತಾರೆ. ಇದನ್ನ ಯಾರೂ ಬಿಚ್ಚಿ ತೊಳೆಯಲ್ಲ. ಇನ್ನು ವೈರಿಂಗು ಒಂದೊಂದಾಗಿ ಕೈಕೊಡುತ್ತೆ."

ಮಾರಿದವನಿಗೆ ಫೋನು ಮಾಡಿದೆ. "ಚಿತ್ರದಲ್ಲಿದ್ದುದೆಲ್ಲ ಬಂದಿದೆಯಲ್ಲ?" ಎಂದ. ಬಂದಿತ್ತು, ನಿಜ. ಚಿತ್ರದಲ್ಲಿಲ್ಲದ್ದೂ ಬಂದಿತ್ತು.

ಸಂಜೆ ನನ್ನಾಕೆ ಕಾಫಿ ತಂದಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಾಗಿತ್ತು.